ಚರಗ ಚೆಲ್ಲುವ ಯಂತ್ರವೂ ನಾನೂ

ನಾನು ಯಂತ್ರಗಳ ವಿರೋಧಿಯಲ್ಲ ಎಂಬುದನ್ನು ಮೊದಲಿಗೇ ಅರಿಕೆ ಮಾಡಿಕೊಂಡುಬಿಡುತ್ತೇನೆ. ಕೊಪ್ಪಳದ ಒಂದು ಸರಕಾರಿ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಕಡತಗಳ ನಡುವೆ ಕೂತವನಿಗೆ ಯಂತ್ರಗಳನ್ನು ದ್ವೇಷಿಸಲು ಪುರಸೊತ್ತಾದರೂ ಎಲ್ಲಿಂದ ಬರಬೇಕು? ಕಡತದ ದೊಡ್ಡ ಗುಣವೆಂದರೆ ಅದು ತಾನಾಗಿ ಚಲಿಸುವುದಿಲ್ಲ. ಮೇಲಿನವರು ಯಾರಾದರೂ ಬರೆದು ಸಹಿ ಹಾಕಿದರೆ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತದೆ. ಇಲ್ಲವಾದರೆ ಇದ್ದಲ್ಲೇ ಇದ್ದು, ಧೂಳು ತಿಂದು ಸುಖವಾಗಿರುತ್ತದೆ. ಯಂತ್ರಗಳಿಗೆ ಈ ಸಂಸ್ಕಾರವಿಲ್ಲ. ಅದರಲ್ಲೂ ನಮ್ಮ ಮಾಮಾ ಕಟ್ಟಿದ ಯಂತ್ರಗಳಿಗೆ ಯಾವ ಸಂಸ್ಕಾರವೂ ಇಲ್ಲ.

ಮಾಮಾ ಎಂದರೆ ನನ್ನ ಅಕ್ಕನ ಗಂಡ, ಚನ್ನಬಸಪ್ಪನವರು. ಇರಕಲ್ಲಗಡದಲ್ಲಿ ಅವರದು ಪಂಪ್‌ಸೆಟ್ ರಿಪೇರಿ ಅಂಗಡಿ. ಊರವರ ಮೋಟರುಗಳನ್ನು ಚೆನ್ನಾಗಿಯೇ ರಿಪೇರಿ ಮಾಡುತ್ತಾರೆ. ಆದರೆ ಮಾಡಿದ ಮೇಲೆ ಯಾರ ಮೋಟರು ಯಾವುದು ಎಂಬುದು ಅವರಿಗೆ ನೆನಪಿರುವುದಿಲ್ಲ. ಹೀಗಾಗಿ ಆ ಭಾಗದ ಅರ್ಧದಷ್ಟು ಬಾವಿಗಳಲ್ಲಿ ಇನ್ನೊಬ್ಬರ ಮೋಟರು ನೀರೆತ್ತುತ್ತಿದೆ. ಒಟ್ಟಿನಲ್ಲಿ ನೀರು ಬರುತ್ತಿರುವುದರಿಂದ ಯಾರೂ ತಕರಾರು ತೆಗೆದಿಲ್ಲ. ಒಮ್ಮೆ ಮೋಟರ್‌ಸೈಕಲ್ ಮೇಲೆ ಗಂಗಾವತಿಯ ಸಂತೆಗೆ ಹೋದವರು ಬರುವಾಗ ಅದನ್ನು ಅಲ್ಲೇ ಮರೆತು ಬಸ್ಸು ಹತ್ತಿದರು. ಹೆಲ್ಮೆಟ್ಟನ್ನು ಮಾತ್ರ ಮರೆಯಲಿಲ್ಲ, ಅದು ತಲೆಯ ಮೇಲೇ ಇತ್ತು. ಕಂಡಕ್ಟರು ಟಿಕೆಟು ಹರಿಯುತ್ತ ಬಂದು ಇವರ ಮುಂದೆ ಒಂದು ಗಳಿಗೆ ನಿಂತು, "ಯಪ್ಪಾ, ನಮ್ಮ ಡ್ರೈವರ್ ಮ್ಯಾಲೆ ನಿಮಗ ಇಷ್ಟೂ ನಂಬಿಕಿ ಇಲ್ಲೇನ್ರಿ?" ಎಂದನಂತೆ. ಮಾಮಾ ಹೆಲ್ಮೆಟ್ಟಿನ ಒಳಗಿಂದಲೇ, "ನಂಬಿಕಿ ಐತ್ರಿ, ಆದರ ನೀವು ಹೇಳೂದು ಸರಿಯಾಗಿ ಕೇಳಸವಲ್ತು" ಎಂದರಂತೆ.

ಅವರ ಹಳೆಯ ಆವಿಷ್ಕಾರಗಳನ್ನೆಲ್ಲ ಇಲ್ಲಿ ದಾಖಲಿಸುವುದು ಸಾಧ್ಯವಿಲ್ಲ. ರೊಟ್ಟಿ ಬಡಿಯುವ ಯಂತ್ರವೊಂದಿತ್ತು. ಅದು ರೊಟ್ಟಿಯನ್ನು ಬಡಿದು, ಕೆಳಗಿನ ಮಣೆಯನ್ನು ಬಡಿದು, ಮಣೆಯ ಕೆಳಗಿನ ಕಲ್ಲುಹಾಸನ್ನೂ ಬಡಿಯಿತು. ಹಾಲು ಉಕ್ಕಿದರೆ ಗಂಟೆ ಬಾರಿಸುವ ಯಂತ್ರವೊಂದಿತ್ತು. ಅದು ನಿಷ್ಠೆಯಿಂದ ಗಂಟೆ ಬಾರಿಸುತ್ತಿತ್ತು, ಮಾಮಾ ಪ್ರತಿಸಲವೂ ಫೋನು ಎತ್ತಿಕೊಂಡು "ಹಲೋ, ಯಾರ್ರೀ?" ಎನ್ನುತ್ತಿದ್ದರು, ಹಾಲು ಒಲೆಯ ಪಾಲಾಗುತ್ತಿತ್ತು. ಅಕ್ಕ ಇದನ್ನೆಲ್ಲ ಮೂವತ್ತು ವರ್ಷ ಸಹಿಸಿದ್ದಾಳೆ. ಆಕೆಯ ತಾಳ್ಮೆ ದೊಡ್ಡದು. ಆದರೆ ಕಳೆದ ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಆಕೆಗೆ ಆ ತಾಳ್ಮೆಯನ್ನು ಖರ್ಚು ಮಾಡುವ ಧೈರ್ಯವಿರಲಿಲ್ಲ, ಏಕೆಂದರೆ ಆ ವರ್ಷ ಹೊಲದ ಊಟಕ್ಕೆ ಕುಷ್ಟಗಿಯಿಂದ ಬೀಗತಿ ಬರುವವರಿದ್ದರು.

ಅಕ್ಕನ ಮಗಳು ಸುಮಾಳನ್ನು ಕುಷ್ಟಗಿಗೆ ಕೊಟ್ಟಿದೆ. ಅವಳ ಅತ್ತೆ ಬಸಲಿಂಗಮ್ಮನವರು ಮಿತಭಾಷಿಗಳು. ಮದುವೆಯ ಊಟ ಮುಗಿಸಿ ಎದ್ದಾಗ ಅವರು ಆಡಿದ್ದು ಮೂರೇ ಮಾತು: "ಹೋಳಿಗಿ ದಪ್ಪ ಆಗಿದ್ವು." ಈ ಮೂರು ಮಾತು ಅಕ್ಕನ ಎದೆಯಲ್ಲಿ ಹತ್ತು ತಿಂಗಳಿಂದ ಕೂತಿದ್ದವು. ಕುಷ್ಟಗಿಯ ಮನೆಯಲ್ಲಿ ಮಗಳು ಹಿಟ್ಟು ನಾದಲು ಕೂತಾಗಲೆಲ್ಲ ಅತ್ತೆ ಒಮ್ಮೆ ಇಣುಕಿ ನೋಡಿ ಹೋಗುತ್ತಾರೆಂದು ಬೇರೆ ಸುದ್ದಿ ಬಂದಿತ್ತು. ಹೀಗಾಗಿ ಈ ಸಲದ ಹೊಲದೂಟದಲ್ಲಿ ತನ್ನ ಮನೆಯ ಮಾನವನ್ನೂ ಮಗಳ ನೆಮ್ಮದಿಯನ್ನೂ ಹೋಳಿಗೆಯ ತೆಳುವಿನ ಮೂಲಕ ಮರಳಿ ಪಡೆಯುವುದೆಂದು ಅಕ್ಕ ನಿರ್ಧರಿಸಿದ್ದಳು. ಎರಡು ದಿನ ಒಲೆ ಆರಲಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ, ಕಡುಬು, ಮೊಸರನ್ನ. ಹೋಳಿಗೆಯನ್ನು ಎತ್ತಿ ಹಿಡಿದರೆ ಆಚೆ ಕೂತವರ ಮುಖ ಕಾಣುವಷ್ಟು ತೆಳು. ನನಗೆ ಹಾಗೆ ತೋರಿಸಿದಳು ಕೂಡ, ತಿನ್ನಲು ಕೊಡಲಿಲ್ಲ.

ನಮ್ಮ ಕಡೆ ಎಳ್ಳ ಅಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತೇವೆ. ಬನ್ನಿಗಿಡದ ಕೆಳಗೆ ಐದು ಕಲ್ಲಿಟ್ಟು, ಅವನ್ನು ಪಾಂಡವರೆಂದು ಪೂಜಿಸಿ, ಮಾಡಿದ ಅಡಿಗೆಯನ್ನೆಲ್ಲ ಒಂದಿಷ್ಟು ಕಲಸಿ ಬೆಳೆಯ ಮೇಲೆ ಚೆಲ್ಲುತ್ತೇವೆ. ಇದೇ ಚರಗ, ಭೂಮಿತಾಯಿಯ ಊಟ. ಒಬ್ಬರು "ಹುಲ್ಲುಲ್ಲಿಗೋ" ಎಂದು ಕೂಗುತ್ತ ಚರಗ ಚೆಲ್ಲಿದರೆ, ಹಿಂದಿನವರು "ಚಲ್ಲಾಂಬ್ರಿಗೋ" ಎಂದು ನೀರು ಚಿಮುಕಿಸುತ್ತ ನಡೆಯಬೇಕು. ಎರಡು ಕಟ್ಟಳೆಗಳಿವೆ. ಚರಗ ಚೆಲ್ಲುವ ತನಕ ಯಾರೂ ಬಾಯಿಗೆ ತುತ್ತು ಹಾಕುವಂತಿಲ್ಲ. ಚೆಲ್ಲಿ ನೆಲ ಮುಟ್ಟಿದ್ದು ಭೂಮಿತಾಯಿಯದು. ಅದನ್ನು ಯಾರೂ ಎತ್ತುವಂತಿಲ್ಲ.

ಈ ವ್ಯವಸ್ಥೆಯಲ್ಲಿ ಮಾಮಾಗೆ ಒಂದು ದೊಡ್ಡ ಅನ್ಯಾಯ ಕಂಡಿತ್ತು. ಅವರದು ಯಲಬುರ್ಗಾ ರಸ್ತೆಯಲ್ಲಿ ಆರು ಎಕರೆ ಎರೆಮಣ್ಣಿನ ಹೊಲ. ಚರಗ ಚೆಲ್ಲುವವರು ಬಿಸಿಲಿಗೆ ಬೇಸತ್ತು ಅರ್ಧ ದಾರಿಯಲ್ಲೇ ಬುಟ್ಟಿ ಬರಿದು ಮಾಡಿ ಬರುತ್ತಾರೆ. "ಆ ತೆಂಕಣ ಮೂಲಿ ಜೋಳ ನಮ್ಮಪ್ಪನ ಕಾಲದಿಂದ ಒಂದ ಕಡುಬು ಕಂಡಿಲ್ಲ ತಮ್ಮಾ. ಅದೇನು ಪಾಪ ಮಾಡೇತಿ?" ಎಂದು ನನ್ನನ್ನು ಕೇಳಿದರು. ಜೋಳದ ಪರವಾಗಿ ಇಂಥ ಮನವಿಯನ್ನು ನಾನು ಅದುವರೆಗೆ ಕೇಳಿರಲಿಲ್ಲವಾದ್ದರಿಂದ ಪರಿಶೀಲಿಸಬೇಕಾದ ವಿಷಯವೆಂದೆ. ಅವರು ಅದನ್ನೇ ಮಂಜೂರಾತಿ ಎಂದು ತಿಳಿದರು. ಶ್ರೀರಾಮನಗರದಿಂದ ಭತ್ತ ತೂರುವ ಹಳೆಯ ಫ್ಯಾನು ಬಂತು. ಹಾಳಾದ ವಾಷಿಂಗ್ ಮಷೀನಿನ ಡಬ್ಬಿ ಬಂತು. ಔಷಧಿ ಹೊಡೆಯುವ ಪಂಪಿನ ಇಂಜಿನ್ನು ಬಂತು. ಎಲ್ಲ ಸೇರಿ ಒಂದು ಕೈಗಾಡಿಯ ಮೇಲೆ ಕೂತು ಚರಗ ಚೆಲ್ಲುವ ಯಂತ್ರವಾಯಿತು. ಅದಕ್ಕೊಂದು ಕಬ್ಬಿಣದ ಹಿಡಿ. ಒತ್ತಿ ಹಿಡಿದರೆ ಓಡಬೇಕು, ಬಿಟ್ಟರೆ ನಿಲ್ಲಬೇಕು. ಈ ಹಿಡಿ ಹಿಡಿಯುವ ಹುದ್ದೆಗೆ ನನ್ನನ್ನು ನೇಮಿಸಲಾಯಿತು. "ನೀ ಸರಕಾರಿ ಮನಷ್ಯಾ. ಹೇಳಿದಷ್ಟ ಮಾಡ್ತೀ, ಹೆಚ್ಚು ಮಾಡಂಗಿಲ್ಲ" ಎಂದರು ಮಾಮಾ. ಈ ಮಾತನ್ನು ನಾನು ಹೊಗಳಿಕೆ ಎಂದೇ ಸ್ವೀಕರಿಸಿದೆ.

ಆ ದಿನ ಮಧ್ಯಾಹ್ನ ಅಕ್ಕ, ಸುಮಾ, ಬೀಗತಿ ಮತ್ತು ನೆಂಟರೆಲ್ಲ ಬನ್ನಿಗಿಡದ ಕೆಳಗೆ ಪೂಜೆಯಲ್ಲಿದ್ದರು. ಈಚೆ ಬದುವಿನ ಹತ್ತಿರ ಯಂತ್ರ, ಮಾಮಾ ಮತ್ತು ನಾನು. ನಮ್ಮ ಪಕ್ಕದಲ್ಲಿ ಎರಡು ಬುಟ್ಟಿಗಳಿದ್ದವು. ಚಿಕ್ಕದರಲ್ಲಿ ಚರಗ, ದೊಡ್ಡದರಲ್ಲಿ ಹದಿನೈದು ಮಂದಿಯ ಊಟ. ಎರಡಕ್ಕೂ ಬಿಳಿಯ ಬಟ್ಟೆ ಮುಚ್ಚಿತ್ತು. ಮಾಮಾ ಇಂಜಿನ್ನಿನ ಕಡೆ ಕಣ್ಣಿಟ್ಟುಕೊಂಡೇ ಕೈ ಚಾಚಿ ದೊಡ್ಡ ಬುಟ್ಟಿಯನ್ನು ಎಳೆದುಕೊಂಡರು.

ಇಲ್ಲಿ ನಾನು ಒಂದು ಸತ್ಯವನ್ನು ಹೇಳಲೇಬೇಕು. ಅದನ್ನು ನಾನು ನೋಡಿದೆ. ಬುಟ್ಟಿ ತಪ್ಪಿದ್ದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಮಾಮಾ ಒಂದೊಂದೇ ರೊಟ್ಟಿ ಮುರಿದು ಡಬ್ಬಿಗೆ ಹಾಕುವುದನ್ನು ಅರ್ಧ ತಾಸು ಪಕ್ಕದಲ್ಲೇ ಕೂತು ನೋಡಿದೆ. ಆದರೆ ನನ್ನ ಹುದ್ದೆ ಹಿಡಿಗೆ ಸಂಬಂಧಿಸಿದ್ದು. ಬುಟ್ಟಿ ಬೇರೆ ವಿಭಾಗ. ಆದರೂ ಮನಸ್ಸು ತಡೆಯದೆ ಒಂದು ಮಾತು ಕೇಳಿದೆ. "ಮಾಮಾ, ಇಷ್ಟೊಂದು ಬೇಕೇನ್ರಿ?"

"ಆರು ಎಕರೆ ಐತಿ ತಮ್ಮಾ. ಲೆಕ್ಕ ಮಾಡೇನಿ."

ಲೆಕ್ಕ ಮಾಡಿದ್ದಾರೆ ಎಂದ ಮೇಲೆ ಪ್ರಶ್ನಿಸುವ ಪದ್ಧತಿ ನಮ್ಮ ಕಚೇರಿಯಲ್ಲಿಲ್ಲ. ಹೋಳಿಗೆಗಳನ್ನು ಮಾತ್ರ ಅವರು ಮುರಿಯಲಿಲ್ಲ. "ಇವು ಗುಂಡಗ ಅದಾವು, ಗಾಳಿ ಹಿಡದು ಛಲೋ ಹೋಗ್ತಾವು" ಎಂದು ಇಡಿಯಾಗಿ ಇಟ್ಟರು. ಬಳಿಕ ಇಂಜಿನ್ನು ಚಾಲೂ ಮಾಡಿ, ನನಗೆ ಕೊನೆಯ ಆದೇಶ ಕೊಟ್ಟರು: "ನಾ ಸಾಕು ಅಂದಾಗ ಬಿಡು. ಅಲ್ಲೀತನಕ ಯಾರ ಹೇಳಿದರೂ ಬಿಡಬ್ಯಾಡ." ನಾನು ಹಿಡಿಯನ್ನು ಒತ್ತಿದೆ.

ಭೂಮಿತಾಯಿಗೆ ಅಷ್ಟು ವೇಗದಲ್ಲಿ ಯಾರೂ ಬಡಿಸಿರಲಿಕ್ಕಿಲ್ಲ. ಮೊದಲು ರೊಟ್ಟಿಯ ಚೂರುಗಳು ಮಿಡತೆಯ ಹಿಂಡಿನಂತೆ ಎದ್ದು ಜೋಳದ ಮೇಲೆ ಹೋದವು. ಅವುಗಳ ಹಿಂದೆ ಪುಂಡಿಪಲ್ಯ ಹಸಿರು ಮಳೆಯಾಗಿ ಹೋಯಿತು. ಎಣ್ಣೆಗಾಯಿಯ ಬದನೆಗಳು ಒಂದೊಂದಾಗಿ, ತಮ್ಮ ತಮ್ಮ ಘನತೆಗೆ ತಕ್ಕಂತೆ, ಎತ್ತರದಲ್ಲಿ ಹೋದವು. ಮಾಮಾ "ಹುಲ್ಲುಲ್ಲಿಗೋ" ಎಂದು ಕೂಗುತ್ತ, ಕಡುಬು ತೆಂಕಣ ಮೂಲೆ ಮುಟ್ಟುತ್ತದೋ ಇಲ್ಲವೋ ನೋಡಲು ಆ ಕಡೆಗೆ ಓಡಿಬಿಟ್ಟರು. ಅಲ್ಲಿ ಬಿದ್ದ ಮೊದಲ ಕಡುಬನ್ನು ಕಂಡು ಆನಂದಪಟ್ಟು, ಯಂತ್ರದಿಂದ ಅದು ಎಷ್ಟು ಹೆಜ್ಜೆ ದೂರವೆಂದು ಅಳೆಯತೊಡಗಿದರು. ಅಳೆಯುವ ಸಂಭ್ರಮದಲ್ಲಿ ಯಂತ್ರ, ನಾನು, ಅಮಾವಾಸ್ಯೆ ಮೂರನ್ನೂ ಮರೆತರು.

ಬನ್ನಿಗಿಡದ ಕಡೆಯಿಂದ ಅಕ್ಕನ ಕೂಗು ಕೇಳಿತು. "ಅಯ್ಯ ಶಿವನ, ಹೋಳಿಗಿ ಹೊಂಟ್ವು! ಬಿಡೋ! ಶರಣ್ಯಾ, ಕೈ ಬಿಡೋ!"

ಶರಣ್ಯಾ ಎಂದರೆ ನಾನೇ. ಕೇಳಿಸಲಿಲ್ಲವೆಂದಲ್ಲ. ಆದರೆ ಯಾರು ಹೇಳಿದರೂ ಬಿಡಬಾರದೆಂದು ಆದೇಶವಿತ್ತು. ಅಕ್ಕ 'ಯಾರು' ಎಂಬುದರಲ್ಲಿ ಸೇರುತ್ತಾಳೋ ಇಲ್ಲವೋ ಎಂಬ ಬಗ್ಗೆ ಸ್ಪಷ್ಟೀಕರಣ ಇರಲಿಲ್ಲ. ನಾನು ಮಾಮಾನ ಕಡೆ ನೋಡಿದೆ. ಅವರು ನೆಲದ ಮೇಲೇ ಕಣ್ಣಿಟ್ಟು ಬಗ್ಗಿಕೊಂಡು ನೂರಾ ಹತ್ತು, ನೂರಾ ಹನ್ನೊಂದು ಎನ್ನುತ್ತಿದ್ದರು. ನಾನು ಹಿಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಡಬ್ಬಿ ಪೂರ್ತಿ ಬರಿದಾಗಿ, ತಗಡು ಖಣಖಣ ಸದ್ದು ಮಾಡಿದರೂ ಬಿಡಲಿಲ್ಲ. ಅಕ್ಕ ಓಡಿ ಬಂದು ನನ್ನ ಕೈಯ ಮೇಲೆ ಫಟ್ಟನೆ ಹೊಡೆದಾಗಲೇ ಯಂತ್ರ ನಿಂತದ್ದು.

ಹದಿನೈದು ಮಂದಿ ಬೆಳಗಿನಿಂದ ಉಪವಾಸ. ಊಟವೆಲ್ಲ ಭೂಮಿತಾಯಿಯದಾಗಿತ್ತು. ಅಕ್ಕ ಸೆರಗನ್ನು ಬಾಯಿಗೆ ಹಿಡಿದು ಬೀಗತಿಯ ಕಡೆ ನೋಡಲಾರದೆ ನಿಂತಿದ್ದಳು. ಸುಮಾಳ ಕಣ್ಣು ಆಗಲೇ ತುಂಬಿತ್ತು. ಬನ್ನಿಗಿಡದ ಕೆಳಗೆ ಕೂತಿದ್ದ ಬಸಲಿಂಗಮ್ಮನವರು ಮಾತ್ರ ಅಲುಗಿರಲಿಲ್ಲ. ಅವರ ಮಡಿಲಲ್ಲಿ, ಚೂರೂ ಹರಿಯದೆ, ಒಂದು ಶೇಂಗಾ ಹೋಳಿಗೆ ಇಳಿದು ಕೂತಿತ್ತು. ಅವರು ಅದನ್ನು ಎತ್ತಿ ಬೆಳಕಿಗೆ ಹಿಡಿದರು. ಹಿಂದೆ ಮುಂದೆ ತಿರುಗಿಸಿ ನೋಡಿದರು. ಹೈಕೋರ್ಟಿನ ತೀರ್ಪಿಗೆ ಕಾಯುವವರಂತೆ ನಾವೆಲ್ಲ ಕಾದೆವು.

"ನೆಲ ಮುಟ್ಟಿಲ್ಲ. ಇದು ಭೂಮಿತಾಯೀದಲ್ಲ, ನಂದು" ಎಂದರು ಬಸಲಿಂಗಮ್ಮ. ಒಂದು ತುಣುಕು ಮುರಿದು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. "ಈ ಸಲ ತೆಳ್ಳಗ ಆಗ್ಯಾವು ನೋಡ್ರಿ ಬೀಗತೇರ. ದಪ್ಪ ಇದ್ದಿದ್ದರ ನನ್ನ ತಲಿ ಒಡೀತಿತ್ತು."

ಹೇಳಿ ಮುಗಿಸುವಷ್ಟರಲ್ಲಿ ಅವರ ಹೊಟ್ಟೆ ಕುಲುಕತೊಡಗಿತು. ಕಟ್ಟಿಟ್ಟ ನಗೆಯೆಲ್ಲ ಒಮ್ಮೆಲೇ ಬಿಚ್ಚಿಕೊಂಡಂತೆ, ಮಂಡಿ ಬಡಿದುಕೊಂಡು ನಕ್ಕರು. ಸುಮಾ ಅತ್ತೆಯನ್ನು ಹಾಗೆ ಎಂದೂ ಕಂಡಿರಲಿಲ್ಲವೇನೋ, ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ಅಷ್ಟರಲ್ಲಿ ಪಕ್ಕದ ಹೊಲದ ಖಾಜಾಸಾಬರು ಬದು ದಾಟಿ ಬಂದರು. ಅವರ ಟೊಪ್ಪಿಗೆಯ ಮೇಲೆ ಪುಂಡಿಪಲ್ಯವಿತ್ತು.

"ಚನ್ನಬಸಣ್ಣಾರ, ಶುಕ್ರಿಯಾರಿ! ನಮ್ಮ ಕಡ್ಲಿ ಹೊಲಕ್ಕೂ ಚರಗ ಆತು. ಆದರ ಇನ್ನೊಂದ ಸಲ ಬದನಿಕಾಯಿ ಒಗಿಯೂ ಮೊದಲ ಒಂದ ಮಾತ ಹೇಳ್ರಿ, ನಮ್ಮ ಎತ್ತು ಅಂಜಿ ಗೂಟ ಕಿತ್ತಗೊಂಡು ಹೋಗ್ಯಾವು" ಎಂದರು. ಪರಿಸ್ಥಿತಿ ತಿಳಿದ ಮೇಲೆ ಹಿಂದಿರುಗಿ ಹೋಗಿ, ತಮ್ಮ ಮನೆಯವರು ಕೊಯ್ಲಿನ ಆಳುಗಳಿಗೆಂದು ತಂದಿದ್ದ ರೊಟ್ಟಿ, ಕೆಂಪು ಚಟ್ನಿ, ಉಳ್ಳಾಗಡ್ಡಿಯ ಗಂಟನ್ನು ಹೊತ್ತು ತಂದರು. ಜೊತೆಗೆ ನಮ್ಮ ಚಿಕ್ಕ ಬುಟ್ಟಿಯ ಚರಗವೂ ಇದ್ದೇ ಇತ್ತಲ್ಲ. ಭೂಮಿತಾಯಿ ನಮ್ಮ ಊಟ ಉಂಡಿದ್ದರಿಂದ ನಾವು ಆಕೆಯ ಊಟವನ್ನು ಉಂಡೆವು. ಎಲ್ಲರೂ ಹೊಟ್ಟೆ ತುಂಬ ಉಂಡರು. ಮಾಮಾ ಉಣ್ಣುವುದು ಮುಗಿದ ಮೇಲೆ ತಲೆಯೆತ್ತಿ, "ತಮ್ಮಾ, ಸಾಕು, ಇನ್ನ ಬಿಡು" ಎಂದರು. ಅವರಿಗೆ ಆಗ ನೆನಪಾಗಿತ್ತು.

ಅಕ್ಕ ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ನನ್ನ ಕಡೆ ತಿರುಗಿದಳು. "ಅವ್ರಿಗೆ ಮರವು, ಅದು ಊರಿಗೇ ಗೊತ್ತೈತಿ. ನಿನಗ ಏನಾಗಿತ್ತೋ? ಎರಡೂ ಕಣ್ಣು ತೆರಕೊಂಡು ನೋಡ್ಕೋತ ಕುಂತಿದ್ದೆಲ್ಲ!"

"ನನಗ ಆದೇಶ ಇರಲಿಲ್ಲಕ್ಕಾ" ಎಂದೆ. ಅಕ್ಕ ಬಹಳ ಹೊತ್ತು ನನ್ನನ್ನು ನೋಡಿದಳು. ಮೂವತ್ತು ವರ್ಷದಲ್ಲಿ ಯಾವ ಯಂತ್ರವನ್ನೂ ಆಕೆ ಹಾಗೆ ನೋಡಿರಲಿಲ್ಲ.

ಬಸಲಿಂಗಮ್ಮನವರು ಹೊರಡುವ ಮುನ್ನ ಯಂತ್ರದ ಸುತ್ತ ಎರಡು ಸುತ್ತು ಬಂದು, ಡಬ್ಬಿಯೊಳಗೆ ಇಣುಕಿ, ತಮ್ಮದು ಹತ್ತು ಎಕರೆಯೆಂದೂ, ಚೆಲ್ಲುವಾಗ ತಮಗೆ ರಟ್ಟೆ ನೋಯುತ್ತದೆಂದೂ, ಮುಂದಿನ ಎಳ್ಳ ಅಮಾವಾಸ್ಯೆಗೆ ಇದನ್ನು ಕುಷ್ಟಗಿಗೆ ತರಬೇಕೆಂದೂ ಮಾಮಾಗೆ ಹೇಳಿದರು. ಅಕ್ಕನ ಮುಖದಲ್ಲಿ ಹತ್ತು ತಿಂಗಳ ಮೇಲೆ ಬೆಳಕು ಮೂಡಿತು. ಬೀಗತಿ ಜೀಪು ಹತ್ತುತ್ತ ಅಕ್ಕನ ಕೈ ಹಿಡಿದು, "ನಿಮ್ಮ ಯಜಮಾನ್ರು ಬರ್ಲಿ, ಯಂತ್ರ ಬರ್ಲಿ, ಹೋಳಿಗಿನೂ ಬರ್ಲಿ. ಈ ನಿಮ್ಮ ತಮ್ಮ ಒಬ್ಬಾಂವ ಮನ್ಯಾಗ ಇರ್ಲಿ" ಎಂದು ಸಣ್ಣ ಧ್ವನಿಯಲ್ಲಿ ಹೇಳಿದರು. ಅವರ ಸಣ್ಣ ಧ್ವನಿ ಎಲ್ಲರಿಗೂ ಕೇಳಿಸುತ್ತದೆ.

ಮೊನ್ನೆ ರವಿವಾರ ಇರಕಲ್ಲಗಡಕ್ಕೆ ಹೋಗಿದ್ದೆ. ಕುಷ್ಟಗಿಗೆ ಹೋಗಲಿರುವ ಯಂತ್ರಕ್ಕೆ ಮಾಮಾ ಬಣ್ಣ ಬಳಿಯುತ್ತಿದ್ದರು. ಎಲ್ಲ ಹಿಂದಿನಂತೆಯೇ ಇತ್ತು, ಬದಲಾದದ್ದು ಒಂದೇ. ನಾನು ಹಿಡಿದುಕೊಂಡಿದ್ದ ಹಿಡಿಯ ಮೇಲೆ ಒಂದು ಇಟ್ಟಂಗಿ ಕೂತಿತ್ತು. ಅದಕ್ಕೊಂದು ಹಗ್ಗ ಕಟ್ಟಿತ್ತು.

"ಇದು ನಿನ್ನಂಗ ಒತ್ತಿ ಹಿಡೀತೈತಿ ತಮ್ಮಾ. ಹಗ್ಗ ಜಗ್ಗಿದರ ಬೀಳತೈತಿ, ಯಂತ್ರ ನಿಲ್ಲತೈತಿ. ಯಾರ ಜಗ್ಗಿದರೂ ಬೀಳತೈತಿ" ಎಂದರು ಮಾಮಾ ಹೆಮ್ಮೆಯಿಂದ.

ನಾನು ಆ ಇಟ್ಟಂಗಿಯನ್ನು ಸ್ವಲ್ಪ ಹೊತ್ತು ನೋಡಿದೆ. ಚೆನ್ನಾಗಿ ಸುಟ್ಟ, ಕೆಂಪಗಿನ, ಜವಾಬ್ದಾರಿ ಬಲ್ಲ ಇಟ್ಟಂಗಿ. ಇಪ್ಪತ್ತೆಂಟು ವರ್ಷದ ಅನುಭವವಿರುವವನಿಗೆ ಯಾವುದಾದರೂ ಸಣ್ಣ ಕೆಲಸ ಉಳಿದಿದೆಯೇ ಎಂದು ಸಂಕೋಚದಿಂದಲೇ ವಿಚಾರಿಸಿದೆ. ಮಾಮಾ ಕುಂಚವನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಬಹಳ ಯೋಚಿಸಿದರು. ಕಿವಿಯೆಲ್ಲ ಹಸಿರಾಯಿತು. ಕೊನೆಗೆ ನನ್ನ ಮುಖ ನೋಡಿ ಕನಿಕರದಿಂದ ಹೇಳಿದರು:

"ಬಿದ್ದ ಇಟ್ಟಂಗಿ ಎತ್ತಿ ಇಡಾಕ ಒಬ್ರು ಬೇಕಾಗ್ತಾರ. ಬೀಗತೇರನ್ನ ಕೇಳಿ ಹೇಳ್ತೀನಿ."

ಅವರು ಒಪ್ಪಿದ್ದಾರೆಂದು ನಿನ್ನೆ ಫೋನು ಬಂತು. ಸದ್ಯಕ್ಕೆ ನಾನು ಇಟ್ಟಂಗಿಯ ಕೈಕೆಳಗಿನ ನೌಕರ. ಮೇಲಧಿಕಾರಿ ಮಿತಭಾಷಿ, ಹೊಂದಿಕೊಂಡು ಹೋಗಬಹುದು ಎನಿಸುತ್ತದೆ.