ಡೆಟ್ರಾಯಿಟ್ ತೋರಿಸಲು ಹೋಗಿ ಕೆನಡಾ ಬಾಗಿಲು ತಟ್ಟಿದ್ದು

ನಮ್ಮ ಮಾವನವರು ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು. ಮೈಸೂರಿನಿಂದ ಶಿಕಾಗೋ ಬಳಿಯ ಬೋಲಿಂಗ್‌ಬ್ರೂಕಿನ ನಮ್ಮ ಮನೆಗೆ ಬಂದವರು ಬಯಸಿದ್ದು ಒಂದೇ, ಹಳೆಯ ಕಟ್ಟಡಗಳನ್ನು ನೋಡುವುದು. ಶಿಕಾಗೋ ಮುಗಿಯಿತು. ಡೆಟ್ರಾಯಿಟ್ ತೋರಿಸುವ ಹೊಣೆ ನನ್ನದೆಂದು ಘೋಷಿಸಿದೆ. ಮುನ್ನೂರು ಮೈಲಿ ಯಾವ ಮಹಾ!

ಅಲ್ಲಿನ ಹಳೆಯ ರೈಲು ನಿಲ್ದಾಣದ ಕಂಬಗಳನ್ನು ಮಾವನವರು ತಟ್ಟಿ ನೋಡಿ ಪಾಸು ಮಾಡಿದರು. ಆಮೇಲೆ ದೂರಕ್ಕೆ ಕೈ ತೋರಿಸಿ, "ಅಳಿಯಂದ್ರೇ, ಆ ತೂಗುಸೇತುವೆ ಹತ್ರ ಹೋಗಬಹುದಾ?" ಎಂದರು.

"ಬುಡಕ್ಕೇ ಕರ್ಕೊಂಡು ಹೋಗ್ತೀನಿ ಬನ್ನಿ!"

ಫೋನು ಎಡಕ್ಕೆ ಎಂದಿತು. ಸೇತುವೆ ಬಲಕ್ಕೆ ಕಾಣುತ್ತಿತ್ತು. ನಾನು ಬಲಕ್ಕೆ ತಿರುಗಿಸಿದೆ.

"ರೀ, ಬೋರ್ಡಲ್ಲಿ ಕೆನಡಾ ಅಂತಿದೆ!" ಹೆಂಡತಿ ರೇಖಾ ಕೂಗಿದಳು.

"ಇರಲಿ ಬಿಡೆ. ಮೈಸೂರು ರೋಡಿಗೆ ಬಂದೋರೆಲ್ಲ ಮೈಸೂರಿಗೆ ಹೋಗ್ತಾರಾ?"

ಈ ರೋಡಿಗೆ ಬಂದವರೆಲ್ಲ ಕೆನಡಾಕ್ಕೇ ಹೋಗುತ್ತಾರೆ! ಸೇತುವೆಯ ಆಚೆ ದಡವೇ ಕೆನಡಾ. ಎರಡೂ ಕಡೆ ಗೋಡೆ, ಹಿಂದೆ ಲಾರಿ. ತಿರುಗಿಸಲು ಜಾಗವಿಲ್ಲ.

"ಅಪ್ಪನ ಪಾಸ್‌ಪೋರ್ಟ್ ಎಲ್ರೀ?"

ಮನೆಯ ಬೀರುವಿನಲ್ಲಿ. ಕಳೆದುಹೋದೀತೆಂದು ನಾನೇ ಬೀಗ ಹಾಕಿ ಇಟ್ಟಿದ್ದೆ. ಮುಂದೆ ಹೋದರೆ ಅವರು ಸೇರಿಸುವುದಿಲ್ಲ, ಹಿಂದೆ ಬಂದರೆ ಇವರು ಬಿಡುವುದಿಲ್ಲ. ಸೇತುವೆಯ ನಟ್ಟನಡುವೆ ಮೂವರೂ ಸಂಸಾರ ಹೂಡಬೇಕು!

ಟೋಲ್ ಕಿಟಕಿಯ ಹೆಂಗಸಿಗೆ, "ದಾರಿ ತಪ್ಪಿದೆ, ಕಾಪಾಡಿ ತಾಯಿ" ಎಂದೆ. ಕನ್ನಡದಲ್ಲಿ! ರೇಖಾ ಇಂಗ್ಲಿಷಿನಲ್ಲಿ ವಿವರಿಸಿದಳು. ಆಕೆ ಒಂದು ಗೇಟು ತೆಗೆಸಿ, ನಮ್ಮನ್ನು ಗಡಿ ಅಧಿಕಾರಿಯ ಬಳಿಗೆ ತಿರುಗಿಸಿ ಕಳಿಸಿದಳು.

ಅವನು ಲೈಸೆನ್ಸ್ ಕೇಳಿದ. ನಾನು ಲೈಬ್ರರಿ ಕಾರ್ಡ್ ಕೊಟ್ಟೆ. ಮಾವನವರ ಕಾಗದ ಕೇಳಿದ. ಅವರ ಮೇಲೇನಾದರೂ ಕೇಸು ಬಿದ್ದು, ವೀಸಾ ರದ್ದಾದರೆ? ಅಷ್ಟರಲ್ಲಿ ರೇಖಾ, ಸೇತುವೆ ನೋಡಲು ಬಂದು ದಾರಿ ತಪ್ಪಿದ್ದನ್ನು ಹೇಳಿ, ತನ್ನ ಫೋನಿನಲ್ಲಿದ್ದ ಪಾಸ್‌ಪೋರ್ಟಿನ ಫೋಟೋ ತೋರಿಸಿದಳು. ಅವನು ಅದನ್ನು ಹಿಡಿದು ಒಳಗೆ ಹೋದ. ಅರ್ಧ ಗಂಟೆ ನಾನು ಆ ಬಾಗಿಲನ್ನೇ ನೋಡುತ್ತಾ ಕೂತೆ.

ಹೊರಬಂದವನು ಫೋನು ವಾಪಸು ಕೊಟ್ಟು ನಕ್ಕು, "ನೀವಿನ್ನು ಹೊರಡಬಹುದು. ಅಂತೂ ಸೇತುವೆ ನೋಡಿದಿರಾ?" ಎಂದ.

ನಾನೆಲ್ಲಿ ನೋಡಿದೆ! ಕಣ್ಣಿಗೆ ಬಿದ್ದದ್ದು ಬರೀ ಬೋರ್ಡು, ಲಾರಿ.

"ನಾನು ನೋಡ್ದೆ," ಎಂದರು ಮಾವನವರು ಸಮಾಧಾನವಾಗಿ. "ಉಕ್ಕಿನ ಕೆಲಸ ತುಂಬಾ ಚೆನ್ನಾಗಿದೆ. ಹತ್ರದಿಂದ ನೋಡಿದ್ದಕ್ಕೇ ಗೊತ್ತಾಯ್ತು."

ರೇಖಾ ನನ್ನತ್ತ ಕೈ ಚಾಚಿದಳು. ಸಮಾಧಾನ ಮಾಡಲು ಎಂದುಕೊಂಡೆ. ಅವಳಿಗೆ ಬೇಕಿದ್ದುದು ಕಾರಿನ ಕೀ!

ತೆಪ್ಪಗೆ ಹಿಂದಿನ ಸೀಟಿಗೆ ಹೋದೆ. ಬೆಲ್ಟಿನ ಕೊಂಡಿಯನ್ನು ಎರಡು ಸಲ ತಪ್ಪು ಜಾಗಕ್ಕೆ ತುರುಕಿದೆ. ಕೊನೆಗೆ ನನ್ನ ಸೀಟ್ ಬೆಲ್ಟನ್ನು ಪಕ್ಕದಲ್ಲಿದ್ದ ಮಾವನವರೇ ಹಾಕಿದರು.