ಕೆಂಪು ಗಾಡಿಯ ಹೊಸ ಸೀಟು

ನನ್ನ ಹಳೆಯ ಕೆಂಪು ಗಾಡಿಯ ಒಳಭಾಗವನ್ನು ನಾನೇ ಖುದ್ದಾಗಿ ನಿಂತು ಹೊಸದು ಮಾಡಿಸುತ್ತೇನೆ ಎಂದು ಘೋಷಿಸಿದ ದಿನ ನನ್ನ ದನಿ ಹೇಗಿತ್ತೆಂದರೆ, ದಂಡು ಕಟ್ಟಿಕೊಂಡು ಪಕ್ಕದ ರಾಜ್ಯದ ಮೇಲೆ ಹೊರಟ ಅರಸನೂ ಅಷ್ಟು ಗಟ್ಟಿಯಾಗಿ ಮಾತಾಡಿರಲಾರ!

"ಈ ಊರಿನ ಅರ್ಧದಷ್ಟು ಸೋಫಾಗಳು ನನ್ನ ಅಂಗಡಿಯ ಬಟ್ಟೆ ಉಟ್ಟಿವೆ. ಕಿಟಕಿಗಳೆಲ್ಲ ನನ್ನ ಪರದೆಗಳಿಂದ ಮಾನ ಮುಚ್ಚಿಕೊಂಡಿವೆ. ಜುಜುಬಿ ಎರಡು ಸೀಟು ನನಗೆ ಯಾವ ಲೆಕ್ಕ?" ಎಂದೆ.

ಹೆಂಡತಿ ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ನಮ್ಮನೆ ಸೋಫಾ ಹರಿದು ಎಷ್ಟು ಕಾಲ ಆಯ್ತು?"

"ಅದು ಬೇರೆ ವಿಷಯ."

"ವಿಷಯ ಅದೇ. ಗಿರಾಕಿ ಬೇರೆ. ಬಿಟ್ಟಿ ಗಿರಾಕಿ!"

ನಾನು ಜಾಣನಂತೆ ಕೇಳಿಸಿಕೊಳ್ಳಲಿಲ್ಲ. ಗಿರಾಕಿಗಳ ಜೊತೆ ಏಗಿ ಏಗಿ ಕಲಿತ ವಿದ್ಯೆ ಅದು.

ಗಾಡಿಯ ವಿಷಯ ಹೇಳಿಬಿಡುತ್ತೇನೆ. ಎರಡೇ ಸೀಟಿನ, ಉದ್ದ ಮೂತಿಯ, ಕ್ಯಾನ್‌ವಾಸ್ ಚಾವಣಿ ಮಡಚುವ ಸ್ಪೋರ್ಟ್ಸ್ ಕಾರು. ಒಳಗೆ ಕೂತರೆ ರಸ್ತೆಯ ಮೇಲೆಯೇ ಕಾಲು ಚಾಚಿ ಕೂತಂತೆ. ಮರದ ಡ್ಯಾಶ್‌ಬೋರ್ಡು, ಅದರಲ್ಲಿ ಕಣ್ಣರಳಿಸಿದ ದುಂಡು ಮೀಟರುಗಳು, ಚರ್ಮ ಮತ್ತು ಪೆಟ್ರೋಲು ಬೆರೆತ ಒಂದು ವಾಸನೆ. ಮದುವೆಯಾದ ಹೊಸತರಲ್ಲಿ ಚಾವಣಿ ತೆರೆದು ನಾವಿಬ್ಬರೂ ನದಿ ರಸ್ತೆಯಲ್ಲಿ ಹೋಗುತ್ತಿದ್ದೆವು. ಅವಳ ಜಡೆ ಗಾಳಿಗೆ ಬಿಚ್ಚಿಕೊಂಡು ನನ್ನ ಮುಖಕ್ಕೆ ಬಡಿಯುತ್ತಿತ್ತು. ರಸ್ತೆ ಕಾಣದಿದ್ದರೂ ನಾನು ಬೇಡ ಅನ್ನುತ್ತಿರಲಿಲ್ಲ.

ಆಮೇಲೆ ಮಕ್ಕಳು ಬಂದರು, ವ್ಯಾಪಾರ ಬಂತು, ಗಾಡಿಯಲ್ಲಿ ಅವಳು ಕೂರುತ್ತಿದ್ದ ಜಾಗಕ್ಕೆ ಪರದೆ ಬಟ್ಟೆಯ ಥಾನುಗಳು ಬಂದವು. ಕಡೆಕಡೆಗೆ ಸೀಟಿನ ಸ್ಪ್ರಿಂಗು ಹೊರಗೆ ಬಂತು. ಅದು ಚುಚ್ಚಿದ ದಿನವೇ ಅವಳು ಇಳಿದವಳು, "ಇನ್ನು ನಿಮ್ಮ ಥಾನುಗಳನ್ನೇ ಸುತ್ತಾಡಿಸಿ" ಎಂದು ಹೇಳಿ ಮತ್ತೆ ಹತ್ತಲಿಲ್ಲ. ಈಗ ಮಕ್ಕಳು ಅವರವರ ಸಂಸಾರದಲ್ಲಿದ್ದಾರೆ. ನನಗೆ ಉಳಿದ ಆಸೆ ಇದೊಂದೇ: ನಮ್ಮ ಮದುವೆಯ ವಾರ್ಷಿಕೋತ್ಸವ ಬರುವಷ್ಟರಲ್ಲಿ ಸೀಟು ಸಿದ್ಧವಾಗಬೇಕು, ಅವಳು ನನ್ನ ಪಕ್ಕ ಕೂರಬೇಕು, ನಾನು ನದಿ ರಸ್ತೆಗೆ ಗಾಡಿ ತಿರುಗಿಸಬೇಕು.

ಸೀಟು ಬಿಚ್ಚಿದಾಗಲೇ ಮೊದಲ ಅನಾಹುತ. ಸ್ಪಂಜಿನೊಳಗೆ ಇಲಿಗಳ ಒಂದು ಅವಿಭಕ್ತ ಕುಟುಂಬವಿತ್ತು. ಅದನ್ನು ಹೇಗೋ ಒಕ್ಕಲೆಬ್ಬಿಸಿದೆ. ಅದರಡಿಯಲ್ಲಿ ಒಂದು ಹಸಿರು ಹೇರ್‌ಪಿನ್ನು ಸಿಕ್ಕಿತು. ನನ್ನ ಎದೆ ತುಂಬಿ ಬಂತು! ಅಂಗೈಯಲ್ಲಿಟ್ಟುಕೊಂಡು ಮನೆಗೆ ಓಡಿದೆ.

"ನೋಡೇ, ಇಷ್ಟು ವರ್ಷ ಗಾಡಿ ಇದನ್ನ ಜೋಪಾನ ಮಾಡಿ ಇಟ್ಟುಕೊಂಡಿತ್ತು!"

ಅವಳು ಕನ್ನಡಕ ಏರಿಸಿ ನೋಡಿದಳು. "ಇದು ನನ್ನದಲ್ಲ."

"ಅಂದ್ರೆ?"

"ಅದನ್ನ ನೀವು ಹೇಳ್ಬೇಕು."

ಕೊನೆಗೆ, ಹಿಂದೊಮ್ಮೆ ಈ ಗಾಡಿಯಲ್ಲಿ ಓಡಾಡಿದ್ದ ನಮ್ಮಕ್ಕನ ನೆನಪಾಗಿ, ಅವಳಿಗೆ ಫೋನು ಹಚ್ಚಿ, ಹೆಂಡತಿಗೂ ಕೇಳುವಂತೆ ಇಟ್ಟೆ. "ಹಸಿರು ಪಿನ್ನಾ? ನಂದೇ ಕಣೋ! ಅದರ ಜೋಡಿ ಇನ್ನೂ ನನ್ನ ಹತ್ರ ಇದೆ, ತಂದುಕೊಡು" ಎಂದು ಅಕ್ಕ ಕೂಗಿದ ಮೇಲೆಯೇ ನನಗೆ ಕಾಫಿ ಸಿಕ್ಕಿದ್ದು.

ಕೆಲಸ ಶುರುವಾಯಿತು. ಹೊಲಿಗೆಗೆ ನಮ್ಮ ಅಂಗಡಿಯ ದರ್ಜಿ. ಮಾತಿಗೆ ಮುಂಚೆ ನಗುವ ಆಸಾಮಿ. ಸೀಟಿಗೆ ಮೊದಲಿದ್ದಂಥದೇ ಜೇನಿನ ಬಣ್ಣದ ಚರ್ಮ ತರಿಸಿದೆ. ಮಾರಾಟವಾಗದೆ ಉಳಿದ ಮಾಲನ್ನು ಬಳಸಬಾರದೆಂದು ಜೀವಮಾನದಲ್ಲಿ ಮೊದಲ ಬಾರಿ ಮನಸ್ಸು ಗಟ್ಟಿ ಮಾಡಿದ್ದೆ. ನೆಲಹಾಸಿಗೆ ಬರುವಷ್ಟರಲ್ಲಿ ಮನಸ್ಸು ತುಸು ಮೆತ್ತಗಾಯಿತು.

"ಸಾರ್, ಈ ಗಿಳಿಹಸಿರು ಕಾರ್ಪೆಟ್ಟು ಯಾರೂ ಮೂಸಿ ನೋಡಲಿಲ್ಲ ಅಲ್ವಾ?" ಎಂದ ದರ್ಜಿ.

"ಇದಕ್ಕೆ ಅಂತಲೇ ಎತ್ತಿಟ್ಟಿದ್ದೆ ಕಣಯ್ಯ."

ಹೆಂಡತಿಯ ಸೀಟಿನ ವಿಷಯದಲ್ಲಿ ನಾನು ತುಂಬ ಧಾರಾಳಿ. ಗಿರಾಕಿ ಹೆಂಗಸಾದರೆ ನನ್ನ ನಿಯಮವೊಂದಿದೆ: ಬಟ್ಟೆ ಸಾಲದೆ ಬಂದರೆ ಜಗಳ, ಹೆಚ್ಚಾಗಿ ಉಳಿದರೆ ಹೊಗಳಿಕೆ. ಹಾಗಾಗಿ ಅವಳ ಸೀಟನ್ನು ಬಾಗಿಲಿನವರೆಗೂ ಅಗಲ ಮಾಡಿಸಿ, ಮೆತ್ತಗೆ ತುಂಬಿಸಿ, ಕೈಚೀಲಕ್ಕೊಂದು ಜೇಬು ಹೊಲಿಸಿದೆ. ಅದು ಸೀಟಲ್ಲ, ಸಿಂಹಾಸನ!

ನನ್ನದು ಮಾತ್ರ ಅಸಲಿ ಸ್ಪೋರ್ಟ್ಸ್ ಸೀಟು. ತಿರುವಿನಲ್ಲಿ ಗಾಡಿ ಓಡಿಸುವವನು ಅತ್ತಿತ್ತ ಜಾರದಂತೆ ಸೊಂಟದ ಎರಡೂ ಬದಿಗೆ ಕಬ್ಬಿಣದ ಪಟ್ಟಿಯಿಟ್ಟು, ಮೇಲೆ ಚರ್ಮ ಸುತ್ತಿದ ಗಟ್ಟಿ ದಿಂಡು.

"ಸಾರ್, ದಿಂಡಿನ ಮಧ್ಯೆ ಎಷ್ಟು ಜಾಗ ಬಿಡ್ಲಿ? ಸ್ವಲ್ಪ ನಿಂತ್ಕೊಳಿ, ಅಳತೆ ತಗೋತೀನಿ" ಎಂದ ದರ್ಜಿ, ಟೇಪು ಹಿಡಿದು.

"ನನ್ನನ್ನ ಅಳೀತೀಯಾ? ಕಣ್ಣಲ್ಲೇ ಕಿಟಕಿ ಅಳೆಯೋನು ನಾನು! ನನ್ನ ಅಳತೆ ನನಗೆ ಗೊತ್ತಿಲ್ವಾ?" ಎಂದವನೇ ಬೀರುವಿನ ತಳದಿಂದ, ಮದುವೆ ಕಾಲದ ಸೂಟಿನ ಪ್ಯಾಂಟನ್ನು ತಂದು ಅವನ ಮುಂದೆ ಹರಡಿದೆ. "ಇದರ ಸೊಂಟಕ್ಕೆ ಹಿಡಿ."

ಅವನು ಪ್ಯಾಂಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ನಗಲಿಲ್ಲ. ಅವನು ನಗದೇ ಇದ್ದದ್ದು ಅದೇ ಮೊದಲು, ನಾನು ಎಚ್ಚರಗೊಳ್ಳಬೇಕಿತ್ತು! ಆದರೆ ಕನ್ನಡಿಯಲ್ಲಿ ನಾನು ದಿನಾ ನೋಡುತ್ತಿದ್ದುದು ಮುಖವನ್ನು ಮಾತ್ರ. ಅದರ ಕೆಳಗೆ ಆ ಪ್ಯಾಂಟಿನ ಹುಡುಗನೇ ಇನ್ನೂ ಇದ್ದಾನೆಂದು ನಂಬಿಕೊಂಡಿದ್ದೆ.

ಸೀಟುಗಳು ಗಾಡಿಯೊಳಗೆ ಕೂತವು. "ಒಮ್ಮೆ ಕೂತು ನೋಡಿ ಸಾರ್" ಎಂದ ದರ್ಜಿ. "ಛೇ! ಮೊದಲು ಕೂರೋದು ನಾವಿಬ್ಬರೂ ಒಟ್ಟಿಗೆ" ಎಂದೆ. ಪ್ರೇಮವೆಂದರೆ ಪ್ರೇಮ.

ಆ ದಿನ ಬಂತು. ಹೆಂಡತಿ ಶಾಲೆಗೆ ರಜೆ ಹಾಕಿದ್ದಳು. ಅವಳು ಮುಖ್ಯೋಪಾಧ್ಯಾಯಿನಿ, ಸುಮ್ಮಸುಮ್ಮನೆ ರಜೆ ಹಾಕುವವಳಲ್ಲ. ಅಂಗಡಿಯ ಮುಂದೆ ನಿಂತ ಗಾಡಿಯನ್ನು ಒಂದು ಸುತ್ತು ಬಂದು, ಜೇನು ಬಣ್ಣದ ಚರ್ಮವನ್ನು ಮೆಲ್ಲಗೆ ಸವರಿದಳು. "ಅದೇ ಬಣ್ಣ" ಎಂದಳು. ನೆಲಹಾಸನ್ನು ನೋಡಿಯೂ ಏನೂ ಅನ್ನಲಿಲ್ಲ. ನಾನು ಗೆದ್ದೆ ಅಂದುಕೊಂಡೆ!

ಚಾಲಕನ ಬಾಗಿಲು ತೆರೆದು ರಾಜಗಾಂಭೀರ್ಯದಿಂದ ಒಳಗಿಳಿದೆ. ಇಳಿದೆ ಅನ್ನುವುದು ಅರ್ಧ ಸತ್ಯ. ಒಂದು ತೊಡೆ ಇಳಿಯಿತು. ಉಳಿದ ನಾನು ದಿಂಡಿನ ಮೇಲೆಯೇ ನಿಂತೆ. ಉಸಿರು ಬಿಗಿಹಿಡಿದು ಒತ್ತಿದೆ. ಕೆಳಗೆ ಜಾಗವಿಲ್ಲದ ಹೊಟ್ಟೆ ಮುಂದಕ್ಕೆ ಹೋಗಿ ಸ್ಟಿಯರಿಂಗಿನ ನಡುವೆ ಕೂತಿತು. ಹಾರ್ನು ಹೊಡೆದುಕೊಳ್ಳತೊಡಗಿತು! ಪೋಂ ಎಂದು ಶುರುವಾದದ್ದು ನಿಲ್ಲಲೇ ಇಲ್ಲ. ಮೇಲೆದ್ದರೆ ನಿಲ್ಲುತ್ತದೆ, ಏಳಲು ಬಂದರೆ ತಾನೇ?

ಬೀದಿಗೆ ಬೀದಿಯೇ ಹೊರಗೆ ಬಂತು. ಎದುರಿನ ಪಾತ್ರೆ ಅಂಗಡಿಯವರು ಕೈಯಲ್ಲಿದ್ದ ಬೋಗುಣಿ ಸಮೇತ ಬಂದರು.

"ಏನ್ ಯಜಮಾನ್ರೇ, ದಾರಿ ಬಿಡ್ಬೇಕಾ?"

"ದಾರಿ ಬೇಡ, ಕೈ ಕೊಡಿ!"

"ಸಾರ್, ಹೊಟ್ಟೆ ಒಳಗೆ ಎಳ್ಕೊಳಿ!" ಎಂದ ದರ್ಜಿ.

"ಎಳ್ಕೊಂಡಿರೋದೇ ಇದು ಕಣಯ್ಯ!"

ಒಂದು ತೋಳಿಗೆ ಹೆಂಡತಿ, ಇನ್ನೊಂದಕ್ಕೆ ಪಾತ್ರೆಯವರು, ಹಿಂದಿನಿಂದ ದರ್ಜಿ. ಸೀಸೆಯಿಂದ ಬಿರಡೆ ಕಿತ್ತಂತೆ ನಾನು ಹೊರಗೆ ಬಂದೆ. ಬೀದಿ ನಿಶ್ಶಬ್ದವಾಯಿತು. ಆ ನಿಶ್ಶಬ್ದಕ್ಕಿಂತ ಹಾರ್ನೇ ವಾಸಿಯಿತ್ತು.

"ಹೋಗ್ಲಿ ಬಿಡು, ಇವತ್ತು ಆಗಲ್ಲ" ಎಂದೆ, ಅವಳ ಮುಖ ನೋಡಲಾರದೆ.

ಅವಳು ಕೈಚೀಲವನ್ನು ನನ್ನ ಕೈಗಿತ್ತು, ಸೀರೆಯ ನೆರಿಗೆ ಎತ್ತಿ ಹಿಡಿದು, ಚಾಲಕನ ಸೀಟಿನಲ್ಲಿ ಕೂತಳು. ಒರೆಗೆ ಕತ್ತಿ ಇಳಿದಂತೆ! ದಿಂಡುಗಳ ಮಧ್ಯೆ ಒಂದು ಬೆರಳು ಜಾಗವೂ ಮಿಕ್ಕಿತು. ದಿನಾ ಶಾಲೆಗೆ ತನ್ನ ಪುಟ್ಟ ಕಾರು ಓಡಿಸಿಕೊಂಡು ಹೋಗುವವಳು. ಈ ಗಾಡಿಯ ಸ್ಟಿಯರಿಂಗನ್ನು ಮಾತ್ರ ನಾನು ಎಂದೂ ಅವಳ ಕೈಗೆ ಕೊಟ್ಟಿರಲಿಲ್ಲ.

"ಕೀಲಿ ಕೊಡಿ. ಹತ್ತಿ, ಹತ್ತಿ! ಆ ಕಡೆ ನಿಮಗೆ ಬೇಕಾದಷ್ಟು ಜಾಗ ಇದೆ."

ನಾನು ಸಿಂಹಾಸನದಲ್ಲಿ ಕೂತೆ. ಹೇಳಿ ಮಾಡಿಸಿದಂತಿತ್ತು. ಅವಳ ಕೈಚೀಲವನ್ನು ಜೇಬಿನಲ್ಲಿಟ್ಟೆ.

ನದಿ ರಸ್ತೆ ಹಾಗೆಯೇ ಇತ್ತು: ಅದೇ ಸಾಲುಮರ, ನೀರಿನ ಮೇಲೆ ಅದೇ ಬಿಸಿಲು. ಚಾವಣಿ ತೆರೆದಿತ್ತು. ನರೆತ ಕೂದಲು ಗಂಟಿನಿಂದ ಬಿಚ್ಚಿಕೊಂಡು ಹಾರುತ್ತಿತ್ತು. ಹಿಂದೆಲ್ಲ ನಾನು ರಸ್ತೆ ನೋಡುತ್ತಿದ್ದೆ. ಈ ಬಾರಿ ಅವಳನ್ನು ನೋಡಲು ಪುರಸೊತ್ತಿತ್ತು.

"ಈ ತಿರುವಲ್ಲಿ ನೀವು ಬೇಕಂತಲೇ ಜೋರಾಗಿ ಹೋಗ್ತಿದ್ರಿ" ಎಂದಳು.

"ನೀನು ಹೆದರಿ ನನ್ನ ತೋಳು ಹಿಡೀಲಿ ಅಂತ."

"ಹೆದರಿಕೆ ಎಲ್ಲಿತ್ರೀ? ಹಿಡೀದಿದ್ರೆ ನಿಮಗೆ ಬೇಜಾರಾಗತ್ತೆ ಅಂತ ಹಿಡೀತಿದ್ದೆ!" ಎಂದವಳೇ ಅದೇ ತಿರುವಿಗೆ ಗಾಡಿಯನ್ನು ಬಿಟ್ಟಳು ನೋಡಿ! ನಾನು ಅವಳ ತೋಳು ಹಿಡಿದುಕೊಂಡೆ. ಬೇಜಾರಾಗಬಾರದೆಂದಲ್ಲ, ನಿಜವಾಗಿ ಹೆದರಿ!

ಹಿಂತಿರುಗಿದಾಗ ದರ್ಜಿ ಕತ್ತರಿ ಹಿಡಿದು ಕಾಯುತ್ತಿದ್ದ. "ಅಮ್ಮಾ, ದಿಂಡು ಬಿಚ್ಚಿ ಅಗಲ ಮಾಡಿಬಿಡ್ತೀನಿ."

"ಮುಟ್ಟಿದ್ರೆ ನೋಡಿ!" ಎಂದಳು ಅವಳು. "ಎಷ್ಟು ಚೆನ್ನಾಗಿ ಹೊಲಿದಿದ್ದೀರಿ. ಯಾರಿಗೆ ಕೂರಬೇಕು ಅನ್ಸತ್ತೋ ಅವರು ಸಣ್ಣ ಆಗ್ಲಿ."

ನನಗೆ ರೋಷ ಉಕ್ಕಿತು. ಆಗುತ್ತೇನೆ! ಆ ಪ್ಯಾಂಟಿನೊಳಕ್ಕೆ ಮತ್ತೆ ಇಳಿಯುತ್ತೇನೆ, ಆ ಸೀಟನ್ನು ಗೆಲ್ಲುತ್ತೇನೆ ಎಂದು ಮನಸ್ಸಿನಲ್ಲೇ ಶಪಥ ಮಾಡಿ ಊಟಕ್ಕೆ ಕೂತೆ. ಬಡಿಸಿದ್ದರಲ್ಲಿ ಅರ್ಧ ತಿಂದು ತಟ್ಟೆ ಸರಿಸಿದೆ. ಎರಡನೇ ಸಲ ಕೈ ಚಾಚಿದರೆ ಕಣ್ಣು ಕೆಂಪಗೆ ಮಾಡಿ, ಪಾತ್ರೆಯನ್ನೇ ಎತ್ತಿಕೊಂಡು ಹೋಗುವ ನನ್ನ ಹೆಂಡತಿ, ತಟ್ಟೆಯನ್ನು ಮೆಲ್ಲಗೆ ನನ್ನತ್ತ ತಳ್ಳಿದಳು. ಹುರಿದ ಆಲೂಗಡ್ಡೆ ಸೌಟುಗಟ್ಟಲೆ ಬಿತ್ತು. ಅದರ ಮೇಲೆ ಬೆಣ್ಣೆಯ ಮುದ್ದೆ ಬಿತ್ತು.

"ಸಾಕು ಕಣೇ! ನಾನು ಸಣ್ಣ ಆಗ್ಬೇಕು."

"ಸುಮ್ನೆ ತಿನ್ನಿ" ಎಂದಳು, ಇನ್ನೊಂದು ಸೌಟು ಎತ್ತುತ್ತಾ. "ನೀವು ಸಣ್ಣ ಆದ್ರೆ ನನ್ನ ಗಾಡಿ ಹೋಗತ್ತೆ!"