ಹುಮನಾಬಾದಿಗೆ ಕೇಳಿಸದ ಅರ್ಧ ವಾಟ್

ಹುಮನಾಬಾದ್ ಎಂಬ ಊರಿನ ಮೇಲೆ ನನಗೆ ಮೊದಲು ಯಾವ ಸಿಟ್ಟೂ ಇರಲಿಲ್ಲ. ನಮ್ಮ ಬಸವಕಲ್ಯಾಣದಿಂದ ಮೂವತ್ತು ಕಿಲೋಮೀಟರ್ ಆಚೆ ಅದರ ಪಾಡಿಗೆ ಅದು ಇತ್ತು, ನನ್ನ ಪಾಡಿಗೆ ನಾನು ಇದ್ದೆ. ಬಸ್ಸು ಹತ್ತಿ ಶೇಂಗಾದ ಪೊಟ್ಟಣ ಬಿಚ್ಚಿದರೆ, ಅದು ಖಾಲಿಯಾಗುವಷ್ಟರಲ್ಲಿ ಊರು ಬಂದಿರುತ್ತದೆ. ಇಷ್ಟು ಹತ್ತಿರದ ಊರಿಗೆ ಮನುಷ್ಯನ ದನಿ ಮುಟ್ಟಿಸುವುದೂ ಒಂದು ಕೆಲಸವೇ ಎಂದು ನಾನು ತಿಳಿದಿದ್ದೆ. ಹಾಗೆ ತಿಳಿದದ್ದೇ ತಪ್ಪಾಯಿತು.

ನಾನು ಹೈಸ್ಕೂಲಿನ ವಿಜ್ಞಾನ ಮಾಸ್ತರ. ಇಪ್ಪತ್ತೆರಡು ವರ್ಷಗಳಿಂದ ತರಂಗಗಳ ಪಾಠ ಮಾಡುತ್ತಿದ್ದೇನೆ. ಹೀಗಿರುವಾಗ ತರಂಗಗಳಿಗೆ ನನ್ನ ಬಗ್ಗೆ ಒಂದಿಷ್ಟಾದರೂ ಗೌರವ ಇರಬೇಕೆಂದು ನಿರೀಕ್ಷಿಸಿದರೆ ತಪ್ಪೇನು? ಮೇಲಾಗಿ, ಸರ್ಕಾರದ ಪರೀಕ್ಷೆ ಬರೆದು ಪಾಸಾಗಿ ಹವ್ಯಾಸಿ ರೇಡಿಯೋ ಲೈಸೆನ್ಸ್ ಪಡೆದವನು ನಾನು. ನನ್ನ ಪಕ್ಕದ ಬೆಂಚಿನಲ್ಲಿ ಕೂತು ಅದೇ ಪರೀಕ್ಷೆ ಬರೆದವನು ಹುಮನಾಬಾದಿನ ಮಹಬೂಬ್. ಅಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಸುಟ್ಟುಹೋದ ಪಂಪ್‌ಸೆಟ್ಟುಗಳನ್ನು ಬದುಕಿಸುವ ಕೈ ಅವನದು. ಮಾತು ಕಡಿಮೆ. ಆ ಕೊರತೆಯನ್ನು ನಾನು ತುಂಬಿಕೊಡುತ್ತೇನೆ.

ಬೇಸಿಗೆ ರಜೆ ಶುರುವಾದ ದಿನ ನಾನು ಅವನಿಗೆ ಒಂದು ಸವಾಲು ಹಾಕಿದೆ. ನೂರು ವಾಟ್ ಹಚ್ಚಿ ಮಾತಾಡುವುದು ಮಾತಲ್ಲ, ಒದರಾಟ. ನಿಜವಾದ ವಿದ್ಯೆ ಇರುವುದು ಕಡಿಮೆ ಶಕ್ತಿಯಲ್ಲಿ. ಕೇವಲ ಅರ್ಧ ವಾಟಿನಲ್ಲಿ ನನ್ನ ದನಿಯನ್ನು ನಿನ್ನ ಅಂಗಡಿಗೆ ಮುಟ್ಟಿಸುತ್ತೇನೆ! ನಾನು ಹೇಳಿದ್ದನ್ನು ನೀನು ರೇಡಿಯೋದಲ್ಲೇ ತಿರುಗಿ ಹೇಳಬೇಕು. ಫೋನು ಇರುವುದು 'ಕೇಳಿಸಲಿಲ್ಲ' ಎಂದು ತಿಳಿಸುವುದಕ್ಕೆ ಮಾತ್ರ. ಆ ಫೋನಿಗೆ ಮುಂದೆ ಮೂರು ವಾರ ಬಿಡುವೇ ಸಿಗಲಿಲ್ಲ.

"ಅರ್ಧ ವಾಟ್ ಅಂದ್ರ ಎಷ್ಟ್ರಿ?" ಎಂದು ನನ್ನ ಹೆಂಡತಿ ಸುವರ್ಣಾ ಕೇಳಿದಳು.

"ನಮ್ಮ ದೇವರ ಕೋಣ್ಯಾಗಿನ ಝೀರೋ ಬಲ್ಬಿಗಿಂತಾ ಕಮ್ಮಿ" ಎಂದೆ ಹೆಮ್ಮೆಯಿಂದ.

"ಝೀರೋಕ್ಕಿಂತಾ ಕಮ್ಮಿ ಇದ್ದದ್ದು ಹುಮನಾಬಾದಿಗಿ ಹ್ಯಾಂಗ ಮುಟ್ತದರಿ?"

ಇಂಥ ಪ್ರಶ್ನೆಗಳಿಗೆ ನಾನು ಉತ್ತರ ಕೊಡುವುದಿಲ್ಲ. ಶಾಲೆಯಲ್ಲೂ ಕೊಡುವುದಿಲ್ಲ.

ರೇಡಿಯೋ ಅಲೆಗಳಿಗೆ ಬೇರೆ ಬೇರೆ ದಾರಿಗಳಿವೆ. ಅವಕ್ಕೆ ಬ್ಯಾಂಡ್ ಎನ್ನುತ್ತಾರೆ. ನಾನು ಎಂಬತ್ತು ಮೀಟರಿನ ಬ್ಯಾಂಡಿನಿಂದ ಆರಂಭಿಸಿದೆ. ಅದಕ್ಕೆ ನಲವತ್ತು ಮೀಟರ್ ಉದ್ದದ ತಂತಿ ಬೇಕು. ನಮ್ಮ ಮಾಳಿಗೆ ಇರುವುದೇ ಹತ್ತು ಮೀಟರ್! ಹೀಗಾಗಿ ತಂತಿ ನಮ್ಮ ನೀರಿನ ಟಾಕಿಯಿಂದ ಹೊರಟು, ಪಕ್ಕದ ಮನೆಯ ಕಮಲಾಬಾಯಿಯವರ ಮಾಳಿಗೆಯನ್ನು ದಾಟಿ, ಅವರಾಚೆಯ ಬೇವಿನ ಮರ ಸೇರಿತು. ಕಮಲಾಬಾಯಿ ಸೊಂಟದ ಮೇಲೆ ಕೈಯಿಟ್ಟು ಅದನ್ನು ನೋಡಿದರು.

"ಮಾಸ್ತರ್ರ, ಇದು ಕರೆಂಟ್ ಹೊಡೀತದೇನ್ರಿ?"

"ಬಿಲ್ಕುಲ್ ಇಲ್ಲರಿ. ಕೂಸು ಮುಟ್ಟಿದ್ರೂ ಏನೂ ಆಗಂಗಿಲ್ಲ."

"ಮತ್ತ ಇದು ಯಾವ ಕೆಲಸಕ್ಕ ಬರ್ತದರಿ?"

ವಿಜ್ಞಾನಕ್ಕೆ ಈ ದೇಶದಲ್ಲಿ ಬೆಲೆ ಇಲ್ಲ ಎಂದು ನಾನು ಸುಮ್ಮನೆ ಹೇಳುವುದಿಲ್ಲ.

ಮೂರು ದಿನ ಎಂಬತ್ತು ಮೀಟರಿನಲ್ಲಿ ಕೂಗಿದೆ. ಮಹಬೂಬನ ಅಂಗಡಿಯ ಪಕ್ಕದಲ್ಲಿ ಹಿಟ್ಟಿನ ಗಿರಣಿಯಿದೆ. ಅದರ ಮೋಟಾರು ಎಬ್ಬಿಸುವ ಗರಗರ ಸದ್ದಿನಲ್ಲಿ ನನ್ನ ಅರ್ಧ ವಾಟ್ ಪುಡಿಯಾಗುತ್ತಿತ್ತು. ನಾನು ಸಾತ್ವಿಕ ಕೋಪದಿಂದ ಫೋನ್ ಮಾಡಿ, ಹತ್ತು ನಿಮಿಷ ಗಿರಣಿ ನಿಲ್ಲಿಸಲು ಹೇಳು ಎಂದೆ.

"ಮಾಸ್ತರ್ರ, ಸರದಿ ಹಚ್ಚಿ ನಿಂತ ಮಂದಿಗೆ ಜ್ವಾಳಾ ಬೀಸೋದು ಬಂದ್ ಅಂತ ಹ್ಯಾಂಗ ಹೇಳ್ಲಿ? ನನ್ನೇ ಹಿಡದು ಬೀಸ್ತಾರ" ಎಂದ ಮಹಬೂಬ್.

ಅಂದರೆ ಅಂತರರಾಷ್ಟ್ರೀಯ ಮಟ್ಟದ ಪ್ರಯೋಗಕ್ಕಿಂತ ರೊಟ್ಟಿ ಮುಖ್ಯ! ಇರಲಿ. ನಲವತ್ತು ಮೀಟರಿನ ಬ್ಯಾಂಡಿಗೆ ಬಂದೆ. ತಂತಿಯನ್ನು ಅರ್ಧಕ್ಕೆ ಕತ್ತರಿಸಿದೆ. ಈಗ ಅದು ನಮ್ಮ ಮತ್ತು ಕಮಲಾಬಾಯಿಯವರ ಮಾಳಿಗೆಗಳ ಮೇಲೆ ಮಾತ್ರ, ಎದೆಮಟ್ಟಕ್ಕೆ ಬಿಗಿಯಾಗಿ ನಿಂತಿತು. ಆ ಮಧ್ಯಾಹ್ನವೇ ಮಹಬೂಬ್ ಫೋನ್ ಮಾಡಿ, "ಏನೋ ಕುಂಯ್ ಅಂದಂಗ ಆತ್ರಿ" ಎಂದ. ನನ್ನ ಸಂತೋಷಕ್ಕೆ ಪಾರವಿರಲಿಲ್ಲ. ಇವತ್ತು ಕುಂಯ್, ನಾಳೆ ಪೂರ್ತಿ ವಾಕ್ಯ!

ಮರುದಿನ ಕೆಳಗಿನ ಕೋಣೆಯಲ್ಲಿ ರೇಡಿಯೋದ ಮುಂದೆ ಕೂತು ಎರಡು ತಾಸು ಕೂಗಿದೆ. ಗಂಟಲು ಬಿದ್ದುಹೋಯಿತು. ಹುಮನಾಬಾದಿನಲ್ಲಿ ಕುಂಯ್ ಕೂಡಾ ಇಲ್ಲ. ತಂತಿ ಹರಿದಿರಬೇಕೆಂದು ಮಾಳಿಗೆ ಹತ್ತಿ ನೋಡಿದರೆ ನನ್ನ ಆಂಟೆನಾ ಕಾಣಿಸಲಿಲ್ಲ. ಅದರ ಜಾಗದಲ್ಲಿ ಶಾವಿಗೆ ಇತ್ತು! ಈ ತುದಿಯಿಂದ ಆ ತುದಿಯವರೆಗೆ, ಇಪ್ಪತ್ತು ಮೀಟರ್ ಉದ್ದಕ್ಕೂ, ಹಸಿ ಶಾವಿಗೆ ಎಳೆಎಳೆಯಾಗಿ ತೂಗುತ್ತಿತ್ತು. ಈಚೆ ಕಡೆ ನನ್ನ ಹೆಂಡತಿ, ಆಚೆ ಕಡೆ ಕಮಲಾಬಾಯಿ. ಇಬ್ಬರ ಕೈಯೂ ಹಿಟ್ಟು.

"ಇದೇನ್ ಅನ್ಯಾಯ!" ಎಂದು ಚೀರಿದೆ.

"ಹೆದರಬ್ಯಾಡ್ರಿ ಮಾಸ್ತರ್ರ, ತಂತಿ ಚೊಲೋ ಒರಸೇ ಹಾಕೀವಿ" ಎಂದರು ಕಮಲಾಬಾಯಿ. "ಯಾವ ಕೆಲಸಕ್ಕ ಬರ್ತದಂತ ಅವತ್ತ ಕೇಳಿದ್ನಲ್ಲಾ, ಈಗ ತಿಳೀತು ನೋಡ್ರಿ!"

ನಾನು ಹಸಿ ಹಿಟ್ಟು ಮತ್ತು ವಿದ್ಯುತ್ಕಾಂತೀಯ ಅಲೆಗಳ ಸಂಬಂಧದ ಬಗ್ಗೆ ಒಂದು ಸಣ್ಣ ಭಾಷಣ ಮಾಡಿದೆ. ಸುವರ್ಣಾ ಕೊನೆಯವರೆಗೂ ಕೇಳಿದಳು. ಆಮೇಲೆ ಕೈ ಒರೆಸಿಕೊಂಡು ಹೇಳಿದಳು: "ಬ್ಯಾಸಗಿ ಅರ್ಧಾ ಮುಗೀತು. ನಂದು ವರ್ಷಿನ ಶಾವಿಗಿ, ಹಪ್ಪಳ, ಸಂಡಗಿ ಎಲ್ಲಾ ಬಾಕಿ ಅದ. ಮಾಳಗಿ ತುಂಬ ನಿಮ್ಮ ತಂತಿ, ಕೋಲು, ಹಗ್ಗ. ಬರೋ ಐತ್ವಾರ ಹನ್ನೆರಡರ ತನಕಾ ನಿಮಗ ಟೈಮ್ ಕೊಡ್ತೀನಿ. ಅಷ್ಟರಾಗ ಹುಮನಾಬಾದ್ ಮಾತಾಡಿದ್ರ ಮಾಳಗಿ ನಿಮ್ಮದು. ಇಲ್ಲಂದ್ರ ನಿಮ್ಮ ತಂತಿ ಕೆಳಗ, ನನ್ನ ಶಾವಿಗಿ ಮ್ಯಾಲ."

ನಾನು ಒಪ್ಪಿದೆ. ಇಪ್ಪತ್ತೆರಡು ವರ್ಷದ ಅನುಭವ ಇರುವವನು ಶಾವಿಗೆಗೆ ಹೆದರುತ್ತಾನೆಯೇ?

ಇಪ್ಪತ್ತು ಮೀಟರಿನ ಬ್ಯಾಂಡು ನನ್ನ ಮೂರನೆಯ ಅಸ್ತ್ರ. ಕತ್ತರಿಸಿ ಉಳಿದಿದ್ದ ತಂತಿಯಿಂದ ಇನ್ನೊಂದು ಆಂಟೆನಾ ಕಟ್ಟಿದೆ. ಬಾಯಿಮಾತು ಬಿಟ್ಟು ಈ ಸಲ ಕಟಕಟ ಮೋರ್ಸ್ ಸಂಕೇತ ಕಳಿಸಿದೆ. ನಮ್ಮ ಸಂಕೇತ ಜಗತ್ತಿನಲ್ಲಿ ಎಲ್ಲೆಲ್ಲಿ ಕೇಳಿಸಿತು ಎಂದು ತೋರಿಸುವ ಪುಟವೊಂದು ಇಂಟರ್‌ನೆಟ್ಟಿನಲ್ಲಿದೆ. ತೆರೆದು ನೋಡಿದೆ. ಇಂಡೋನೇಷ್ಯಾ! ಸಮುದ್ರದಾಚೆಯ ಯಾವನೋ ಪುಣ್ಯಾತ್ಮನ ರೇಡಿಯೋ ನನ್ನ ಅರ್ಧ ವಾಟನ್ನು ಸ್ಪಷ್ಟವಾಗಿ ಹಿಡಿದಿತ್ತು. ಕೂಡಲೇ ಮಹಬೂಬನಿಗೆ ಫೋನ್ ಮಾಡಿದೆ.

"ಇಲ್ಲರಿ ಮಾಸ್ತರ್ರ. ಇಲ್ಲೇನೂ ಇಲ್ಲ."

ಇದಕ್ಕೆ ಕಾರಣ ಪುಸ್ತಕದಲ್ಲಿದೆ. ಈ ಬ್ಯಾಂಡಿನ ಅಲೆ ಓರೆಯಾಗಿ ಆಕಾಶಕ್ಕೆ ಹೋಗಿ, ಅಲ್ಲಿಂದ ಬಾಗಿ ಬಹುದೂರ ಇಳಿಯುತ್ತದೆ. ನಡುವಿನ ಊರುಗಳ ತಲೆಯ ಮೇಲಿಂದ ಹಾರಿಹೋಗುತ್ತದೆ. ಅದನ್ನು ನಾನೇ ಪಾಠ ಮಾಡಿದ್ದೇನೆ. ಆದರೆ ಪಾಠ ಮಾಡುವುದು ಬೇರೆ, ಅವಮಾನ ನುಂಗುವುದು ಬೇರೆ. ದ್ವೀಪಗಳಿಗೆಲ್ಲ ಕೇಳಿಸುವ ನಾನು ಹುಮನಾಬಾದಿಗೆ ಯಾಕೆ ಕೇಳಿಸಬಾರದು? ಏನು ಅಹಂಕಾರ ಆ ಊರಿಗೆ!

"ಇಂಡೋನೇಷ್ಯಾದಾಗ ಕೇಳಸ್ಯದ ಸುವರ್ಣಾ!" ಎಂದು ಅಡುಗೆಮನೆಗೆ ಓಡಿದೆ.

"ಹೌದ್ರಿ? ಹಂಗಾರ ಶಾವಿಗಿ ಒಣಗ್ಸಾಕ ಅಲ್ಲೇ ಒಂದೀಟು ಜಾಗಾ ಕೇಳ್ರಿ."

ಸುವರ್ಣಾ ಹೇಳಿದ ಭಾನುವಾರ ಬಂತು. ಉಳಿದದ್ದು ಎರಡು ಮೀಟರಿನ ಬ್ಯಾಂಡ್ ಒಂದೇ. ಇಲ್ಲಿ ಅಲೆ ನೆಟ್ಟಗೆ ಹೋಗುತ್ತದೆ, ಹಾರುವ ಚಾಳಿ ಇಲ್ಲ. ಎರಡೂ ಕಡೆ ಕೈಯಲ್ಲಿ ಹಿಡಿಯುವ ಸಣ್ಣ ರೇಡಿಯೋ ಸಾಕು. ಬಟನ್ ಒತ್ತಿದರೆ ನಾವು ಮಾತಾಡಬಹುದು, ಬಿಟ್ಟರೆ ಅವರ ಮಾತು ಕೇಳಬಹುದು. ಒತ್ತಿ ಹಿಡಿದಾಗ ಮಾತ್ರ ಏನೂ ಕೇಳಿಸುವುದಿಲ್ಲ. ಹಳೆಯ ಟೀವಿ ಆಂಟೆನಾದ ಅಲ್ಯೂಮಿನಿಯಂ ಕೊಳವೆಗಳನ್ನು ಪ್ಲಾಸ್ಟಿಕ್ ಪೈಪಿಗೆ ಕಟ್ಟಿ, ಮಾಳಿಗೆಯ ಮೇಲೆ ನಿಲ್ಲಿಸಿ, ಹುಮನಾಬಾದಿನ ಕಡೆಗೆ ಗುರಿಯಿಟ್ಟೆ.

ಕೆಳಗೆ ಅಂಗಳದಲ್ಲಿ ಸುವರ್ಣಾ ಮತ್ತು ಕಮಲಾಬಾಯಿ ಹಿಟ್ಟು ನಾದುತ್ತಿದ್ದರು. ನಾದುವ ಸದ್ದಿನಲ್ಲೇ ನನ್ನ ಬಗ್ಗೆ ಅವಿಶ್ವಾಸ ಎದ್ದು ಕೇಳುತ್ತಿತ್ತು. ಹತ್ತು ಗಂಟೆಯ ಸುಮಾರಿಗೆ ಸುವರ್ಣಾ ಮೆಟ್ಟಿಲ ಮೇಲೆ ಬಂದು, "ರೀ, ಮಹಬೂಬಣ್ಣಾರು ಇವತ್ತ..." ಎಂದಳು.

"ಶ್! ಮಾತಾಡಬ್ಯಾಡ! ಕೇಳಾಕತ್ತೀನಿ!"

"ಅಲ್ಲರಿ, ನಾ ಹೇಳೂದು..."

"ಶ್ಶ್!"

ಅವಳು ಇಳಿದುಹೋದಳು. ನಾನು ರೇಡಿಯೋವನ್ನು ಕಿವಿಗೆ ಒತ್ತಿಕೊಂಡೆ.

ಹತ್ತೂವರೆ ಆಯಿತು. ಬರೀ ಸೊಂಯ್ ಎನ್ನುವ ಸದ್ದು. ಹನ್ನೊಂದಾಯಿತು. ಬಿಸಿಲು ನೆತ್ತಿ ಸುಡುತ್ತಿತ್ತು. ಹನ್ನೊಂದೂ ಹತ್ತಕ್ಕೆ ಆ ಸದ್ದಿನೊಳಗಿಂದ ಒಂದು ದನಿ: "...ಸ್ತರ್ರ ...ವಾಜ್ ಬರಾಕತ್ತದ..."

ಮಹಬೂಬ್! ಕಣ್ಣಲ್ಲಿ ನೀರು ಬಂತು.

"ಅಂಕ ಹೇಳು, ಅಂಕ!" ಎಂದು ಕೂಗಿದೆ. ನಮ್ಮಲ್ಲಿ ಸ್ಪಷ್ಟತೆಗೆ ಐದರಲ್ಲಿ, ಜೋರಿಗೆ ಒಂಬತ್ತರಲ್ಲಿ ಅಂಕ ಕೊಡುವ ಪದ್ಧತಿ.

"ಮೂರು, ಎರಡು. ಮಾಸ್ತರ್ರ, ನಾ ಈಗ..."

ಮೂರು-ಎರಡು ಸಾಲದು. ಅವನ ಮಾತು ಮುಗಿಯುವ ಮೊದಲೇ ಬಟನ್ ಒತ್ತಿ, "ತಡೀ, ಸುಧಾರಿಸ್ತೀನಿ!" ಎಂದೆ. ಮುಂದಿನ ಕೊಳವೆಯಿಂದ ಒಂದು ಇಂಚು ಕತ್ತರಿಸಿದೆ. ಮತ್ತೆ ಕೇಳಿದೆ.

"ನಾಕು, ಐದು ಆತ್ರಿ. ಆದ್ರ ಮಾಸ್ತರ್ರ, ನಾ..."

ಒಂದೇ ಇಂಚಿಗೆ ಇಷ್ಟು ಫಲ! ಬಟನ್ ಒತ್ತಿದೆ. "ಮಾತು ಬ್ಯಾಡ, ಬರೀ ಅಂಕ!" ಜೇಡರಬಲೆ ತೆಗೆಯುವ ಉದ್ದನೆಯ ಕಸಬರಿಗೆಗೆ ಆಂಟೆನಾ ಕಟ್ಟಿ ಮೇಲೆತ್ತಿದೆ. "ಐದು, ಏಳು!" ಈಗ ಅವನ ಹಿಂದಿನ ಸದ್ದುಗಳೂ ನಿಚ್ಚಳವಾಗಿ ಬರತೊಡಗಿದವು. ಹಾರ್ನು. ಯಾರೋ "ರೈಟ್, ರೈಟ್" ಎಂದದ್ದು. ಮಹಬೂಬನ ಅಂಗಡಿಯಿಂದ ಹುಮನಾಬಾದ್ ಬಸ್‌ಸ್ಟ್ಯಾಂಡು ಸಾಕಷ್ಟು ದೂರ. ಅಲ್ಲಿನ ಕಂಡಕ್ಟರನ ದನಿಯನ್ನೂ ನನ್ನ ಯಂತ್ರ ಹಿಡಿದಿತ್ತು! ಅಷ್ಟರಲ್ಲಿ ಗಾಳಿಗೆ ಆಂಟೆನಾ ತಿರುಗಿ ನಮ್ಮೂರ ಕೋಟೆಯ ಕಡೆ ಮುಖ ಮಾಡಿತು. ಆದರೂ ದನಿ ಕುಗ್ಗಲಿಲ್ಲ, ಇನ್ನೂ ಏರಿತು! ಇದು ಪುಸ್ತಕದಲ್ಲಿಲ್ಲ. ಪುಸ್ತಕವನ್ನೇ ತಿದ್ದಬೇಕಾಗುತ್ತದೆ ಎಂದುಕೊಂಡೆ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಬಂತು ಆ ಮಾತು: "ಮಾಸ್ತರ್ರ, ಐದು, ಒಂಬತ್ತು! ಪೂರಾ ಅಂಕ!"

ನಾನು ಮಾಳಿಗೆಯ ಅಂಚಿಗೆ ಬಂದು ಇಡೀ ಓಣಿಗೆ ಕೇಳುವಂತೆ ಘೋಷಿಸಿದೆ. "ಹುಮನಾಬಾದ್ ಮಾತಾಡ್ತು! ಅರ್ಧ ವಾಟ್! ಸುವರ್ಣಾ, ಹಿಟ್ಟು ಫ್ರಿಜ್ಜಿನ್ಯಾಗ ಇಡು! ಮಾಳಗಿ ನಂದು!" ಎದುರುಮನೆಯ ಕಿಟಕಿಗಳು ತೆರೆದವು. ಕೆಳಗಿಳಿದು ಕಮಲಾಬಾಯಿಯವರ ಹಿಟ್ಟಿನ ಅಂಗೈಗೆ ಒಂದು ಹಿಡಿ ಸಕ್ಕರೆ ಸುರಿದು, ಮತ್ತೆ ಮೇಲೆ ಓಡಿದೆ. ಕಡಿಮೆ ಶಕ್ತಿಯ ಮಹಿಮೆಯ ಬಗ್ಗೆ ಓಣಿಯನ್ನುದ್ದೇಶಿಸಿ ಎರಡು ಮಾತೂ ಆಡಿದೆ. ಹೆಮ್ಮೆಯಿಂದ ಎದೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ.

ಆಗ ಕೈಯಲ್ಲಿದ್ದ ರೇಡಿಯೋ ಮಾತಾಡಿತು: "ಮಾಸ್ತರ್ರ, ಹಸರು ಲುಂಗಿ ಉಟ್ಟೀರಿ. ಕೈಯಾಗ ಕಸಬರಗಿ ಅದ."

ಒಂದು ಕ್ಷಣ, ಒಂದೇ ಕ್ಷಣ, ನನ್ನ ಅರ್ಧ ವಾಟಿನಲ್ಲಿ ಚಿತ್ರ ಕೂಡಾ ಹೋಗುತ್ತಿದೆ ಎಂದು ನಾನು ನಂಬಿದೆ.

ಆಮೇಲೆ ಕೆಳಗೆ ನೋಡಿದೆ. ನಮ್ಮ ಗೇಟಿನ ಹತ್ತಿರ, ಒಂದು ಕೈಯಲ್ಲಿ ರೇಡಿಯೋ, ಇನ್ನೊಂದು ಕೈಯಲ್ಲಿ ಬಾಳೆಹಣ್ಣಿನ ಚೀಲ ಹಿಡಿದು ಮಹಬೂಬ್ ನಿಂತಿದ್ದ.

"ನೀ ಹುಮನಾಬಾದಿನ್ಯಾಗ ಇರಬೇಕಿತ್ತಲ್ಲೋ!" ನನ್ನ ದನಿ ನನಗೇ ಕೇಳಿಸಲಿಲ್ಲ.

"ಹತ್ತೂವರಿ ತನಕಾ ಅಲ್ಲೇ ಇದ್ದೆರಿ. ಏನೂ ಬರಲಿಲ್ಲ. ಸುವರ್ಣಾ ವೈನಿಯವರು ನಿನ್ನೆ ಫೋನ್ ಮಾಡಿ, ಇವತ್ತ ಊಟಕ್ಕ ಬರ್ರಿ, ಬಂದು ನಿಮ್ಮ ಮಾಸ್ತರರಿಗಿ ನೀವೇ ಒಂದೀಟು ಹೇಳ್ರಿ ಅಂದಿದ್ರು. ಅದಕ್ಕ ಬಸ್ ಹತ್ತಿದೆ. ರಾಜೇಶ್ವರ ಊರು ದಾಟಿದ ಮ್ಯಾಲ ನಿಮ್ಮ ಆವಾಜ್ ಬಂತು. ನಾ ಬಸ್ಸಿನ್ಯಾಗ ಅದೀನಿ ಅಂತ ಹೇಳಾಕ ಹ್ವಾದ್ರ ನೀವು ಬಟನ್ ಒತ್ತಿದ್ರಿ. ಬಂಗ್ಲಾ ಕ್ರಾಸಿನ್ಯಾಗ ಹೇಳಾಕ ಹ್ವಾದೆ, ಒತ್ತಿದ್ರಿ. ನಿಮ್ಮ ಬಸ್‌ಸ್ಟ್ಯಾಂಡಿನ್ಯಾಗ ಇಳದು ಹೇಳಾಕ ಹ್ವಾದೆ..."

"ಒತ್ತಿದೆ" ಎಂದೆ.

ಕೊಳವೆ ಕತ್ತರಿಸಿದ್ದಕ್ಕಲ್ಲ, ಕಸಬರಿಗೆ ಕಟ್ಟಿದ್ದಕ್ಕಲ್ಲ. ಅಂಕ ಏರಿದ್ದೆಲ್ಲ ಬಸ್ಸಿನ ಡ್ರೈವರನ ಪ್ರತಾಪ!

ಆದರೂ ನಾನು ಸೋಲೊಪ್ಪುವವನಲ್ಲ. ತಪ್ಪು ಯಾರದು ಎಂದು ಹುಡುಕುತ್ತ ಮೆಟ್ಟಿಲಿಳಿದು ಅಂಗಳದಲ್ಲಿದ್ದ ಹೆಂಡತಿಯ ಕಡೆ ತಿರುಗಿದೆ. "ಇವ ಬರ್ತಾನಂತ ನನಗ ಒಂದು ಮಾತು ಯಾಕ ಹೇಳಲಿಲ್ಲ?"

ಸುವರ್ಣಾ ಸಿಟ್ಟಾಗಲಿಲ್ಲ. ಅದೇ ಕಷ್ಟವಾಯಿತು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಮೆಲ್ಲಗೆ ಹೇಳಿದಳು: "ಮೂರು ವಾರಾ ಆತು, ಹುಮನಾಬಾದಿಗಿ ಕೇಳ್ಸಾಕತ್ತಿಲ್ಲ, ಹುಮನಾಬಾದಿಗಿ ಕೇಳ್ಸಾಕತ್ತಿಲ್ಲ ಅಂತ ಒದರಾಕತ್ತೀರಿ. ಮುಂಜಾನಿ ನಾ ಇದೇ ಮೆಟ್ಟಲಾ ಮ್ಯಾಲ ನಿಂತು ಎರಡ್ ಸಲ ಹೇಳಾಕ ಹ್ವಾದೆ. ನಿಮಗ ಕೇಳಸ್ಲಿಕ್ಕ ನಂದು ಎಷ್ಟು ವಾಟ್ ಇರಬೇಕರಿ?"

ಕಮಲಾಬಾಯಿ ಸಕ್ಕರೆಯ ಅಂಗೈಯನ್ನೇ ನೋಡುತ್ತ ನಿಂತರು. ಮಹಬೂಬ್ ಬಾಳೆಹಣ್ಣು ಎಣಿಸಿದ. ನನಗೆ ಬಹಳ ನಾಚಿಕೆಯಾಯಿತು. ಈ ಪ್ರಶ್ನೆಗೂ ನನ್ನಲ್ಲಿ ಉತ್ತರ ಇರಲಿಲ್ಲ, ಆದರೆ ಈ ಸಲ ಅದು ಪ್ರಶ್ನೆಯ ತಪ್ಪಲ್ಲ.

ಹನ್ನೆರಡು ಹೊಡೆಯುವ ಮೊದಲು ಆಂಟೆನಾ ಕೆಳಗಿಳಿಯಿತು. ನಲವತ್ತು ಮೀಟರಿನ ಬ್ಯಾಂಡಿನ ತಂತಿಯನ್ನು ಮಾತ್ರ ಬಿಚ್ಚಲು ಕಮಲಾಬಾಯಿ ಬಿಡಲಿಲ್ಲ. ಅಷ್ಟು ಚೊಲೋ ಬಿಗಿದದ್ದನ್ನು ಯಾಕೆ ಬಿಚ್ಚಬೇಕು ಎಂದು ಅವರ ವಾದ. ಮಹಬೂಬನೂ ನಾನೂ ಕೂಡಿ ಅದರ ಮೇಲೆ ಶಾವಿಗೆ ಹಾಕಿದೆವು. ಮೋಟಾರ್ ವೈಂಡಿಂಗ್ ಮಾಡಿದ ಕೈ, ಒಂದೆಳೆಯೂ ತುಂಡಾಗದಂತೆ ಹಾಕಿದ. ನನ್ನದು ಅರ್ಧ ನೆಲಕ್ಕೆ ಬಿತ್ತು.

ಈಗ ನನಗೆ ಮಾಳಿಗೆಯ ಒಂದು ಮೂಲೆಯನ್ನು ದಯಪಾಲಿಸಲಾಗಿದೆ. ರೇಡಿಯೋ ಇಟ್ಟುಕೊಳ್ಳಬಹುದು, ಕೇಳುವುದಕ್ಕೆ ಮಾತ್ರ. ಬಟನ್ ಒತ್ತುವಂತಿಲ್ಲ. ಅದಕ್ಕೆ ಪ್ರತಿಯಾಗಿ ಶಾವಿಗೆಯ ಮೇಲೆ ಕಾಗೆ ಕೂರದಂತೆ ಕಾಯಬೇಕು. ಕಸಬರಿಗೆ ಹಿಡಿದು ಕೂತಿರುತ್ತೇನೆ. ಕಾಗೆ ಬಂದರೆ ಇಪ್ಪತ್ತೆರಡು ವರ್ಷ ಪಾಠ ಮಾಡಿದ ಗಂಟಲಿನಿಂದ "ಹುಶ್!" ಎನ್ನುತ್ತೇನೆ.

ಅದು ನನ್ನನ್ನೊಮ್ಮೆ ನೋಡಿ ಶಾವಿಗೆ ತಿನ್ನುತ್ತದೆ. ಹುಮನಾಬಾದಿನ ಕಾಗೆಯೇ ಇರಬೇಕು!